ಅಣ್ಣಿಗೇರಿಯ ಆಮ್‌ಸ್ಟರ್‌ಡ್ಯಾಮ್ ವರ

ಮುಂದಾಲೋಚನೆಯಲ್ಲಿ ನನ್ನಂಥವನು ಅಣ್ಣಿಗೇರಿಯಲ್ಲಿ ಇನ್ನೊಬ್ಬನಿಲ್ಲ ಎಂದು ನಂಬಿದ್ದ ಕಾಲವೊಂದಿತ್ತು. ಈ ಕಥೆಯನ್ನು ಮಂದಿಗೆ ಹೇಳುವಾಗ ಪ್ರತಿಸಲ ಸ್ವಲ್ಪ ಜಾಣನಾಗಿಬಿಡುತ್ತೇನೆ. ಇಲ್ಲಿ ಆಗದಿರಲು ಪ್ರಯತ್ನಿಸುತ್ತೇನೆ.

ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಕಾಳಿನ ಅಂಗಡಿ ಮುಚ್ಚಿ ಮನೆಗೆ ಬಂದರೆ ಮಾತಾಡಲು ಟಿವಿ ಒಂದೇ. ಅದೂ ನನ್ನ ಮಾತು ಕೇಳುತ್ತಿರಲಿಲ್ಲ. ಮರುಮದುವೆಯ ವೆಬ್‌ಸೈಟ್ ಒಂದನ್ನು ಸೇರಲು ನಿರ್ಧರಿಸಿದೆ. ಅಡ್ಡಿ ಒಂದೇ. ನಮ್ಮ ಓಣಿಗೆಲ್ಲ ಇಂಟರ್‌ನೆಟ್ ಕೊಡುವವನು ಮಲ್ಲೇಶಿ, ನನ್ನ ಹೆಂಡತಿಯ ಖಾಸಾ ತಮ್ಮ.

ಒಮ್ಮೆ ಚಹಾ ಕುಡಿಯುತ್ತ ಅವನೇ ಹೇಳಿದ್ದ: “ಯಾರ ಮನ್ಯಾಗ ಯಾವ ವೆಬ್‌ಸೈಟ್ ತಗೀತಾರ, ಹೆಸರು ನಮಗ ಕಾಣತೈತ್ರಿ ಮಾಮಾ. ನೋಡೂದಿಲ್ಲ. ಆದ್ರ ಕಾಣತೈತಿ.”

ಪರಿಹಾರವನ್ನು ಮೊಬೈಲಿನ ಒಂದು ವಿಡಿಯೋ ಕಲಿಸಿತು. ವಿಪಿಎನ್! ಹಾಕಿಕೊಂಡರೆ ನಮ್ಮ ಓಡಾಟವೆಲ್ಲ ಮುಸುಕು ಹೊದ್ದು ಬೇರೆ ದೇಶದ ಕಂಪ್ಯೂಟರಿನ ಮೂಲಕ ಹೋಗುತ್ತದೆ. ನೆಟ್ ಕೊಟ್ಟವನಿಗೆ ಸುಳಿವು ಸಿಗದು. ಪುಕ್ಕಟೆ ಸಿಕ್ಕಿದ್ದನ್ನೇ ಹಾಕಿಕೊಂಡೆ. ದೇಶಗಳ ಸಾಲಿನಲ್ಲಿ ನೆದರ್ಲೆಂಡ್ಸ್ ಕಂಡಿತು. ಒತ್ತಿದೆ.

ಹೀಗೆ ಸಕಲ ಭದ್ರತೆಯೊಂದಿಗೆ ವಿವಾಹಾಪೇಕ್ಷಿಯಾದೆ. ಹೆಸರು, ವಯಸ್ಸು, ಕಾಳಿನ ವ್ಯಾಪಾರ, ಹುಟ್ಟೂರು ಅಣ್ಣಿಗೇರಿ ಎಂದೆಲ್ಲ ತುಂಬಿದೆ. ಈಗ ಇರುವ ಊರನ್ನು ಮಾತ್ರ ವೆಬ್‌ಸೈಟ್ ತಾನೇ ತುಂಬಿಕೊಂಡಿತ್ತು. ಎಷ್ಟು ಅನುಕೂಲ ಎಂದುಕೊಂಡು ಓದದೆ ಬಿಟ್ಟೆ.

ನವಲಗುಂದದ ಶಾಲೆಯೊಂದರ ಶಿಕ್ಷಕಿ ಗಿರಿಜಾಬಾಯಿ ಮೆಸೇಜು ಕಳಿಸಿದರು. ಅವರಿಗೂ ಗಂಡ ತೀರಿಕೊಂಡಿದ್ದರು.

“ಅಲ್ಲೆ ಥಂಡಿ ಭಾಳಂತಲ್ರಿ?”

“ಮುಂಜಾನಿ ಅಷ್ಟರಿ. ಒಂದು ಶಾಲು ಸಾಕು.”

“ರೊಟ್ಟಿ ಸಿಗತಾವೇನ್ರಿ?”

“ಬಾಜು ಮನಿ ಗಂಗಕ್ಕ ಬಡದು ಕೊಡತಾಳ್ರಿ.”



“ಅಲ್ಲೂ ನಮ್ಮ ಮಂದಿ ಅದಾರ?”

“ಎಲ್ಲಾ ನಮ್ಮ ಮಂದೀನ ರೀ!”

ಎಂಥ ಮುಗ್ಧ ಪ್ರಶ್ನೆಗಳು ಎಂದು ಕರಗಿಹೋದೆ. ಆ ಸಂಜೆ ಕನ್ನಡಿಯ ಮುಂದೆ ನಿಂತು ಮೀಸೆ ತೀಡಿದೆ ಎಂದು ನೆನಪು. ತೀಡಿರಲಾರೆ, ಆಗ ನನಗೆ ಮೀಸೆಯೇ ಇರಲಿಲ್ಲ. ಆದರೆ ಅಂಗಡಿಯಲ್ಲಿ ಗಿರಾಕಿಗೆ ಕಡಲೆ ಬದಲು ಹೆಸರುಕಾಳು ಅಳೆದು ಕೊಟ್ಟದ್ದು ಖರೆ.

ನಮ್ಮ ಕಡೆ ಹೆಣ್ಣಿನವರು ಮೊದಲೇ ವರನ ಮನೆಗೆ ಬರುವುದಿಲ್ಲ. ಅವನ ಊರಿಗೆ ಸುಮ್ಮನೆ ಬಂದು, ಎಲ್ಲರ ಮನೆಯೊಳಗೆ ಹೋಗಿಬರುವ ಒಬ್ಬನನ್ನು ಹಿಡಿದು ವಿಚಾರಿಸುತ್ತಾರೆ. ಗಿರಿಜಾಬಾಯಿಯ ಅಣ್ಣ ನನ್ನ ಹುಟ್ಟೂರಿಗೆ ಬಂದರು. ಎಲ್ಲರ ಮನೆಯೊಳಗೆ ಹೋಗಿಬರುವವನು ಯಾರು? ಇಂಟರ್‌ನೆಟ್ ಕೊಡುವವನು!

ಅಂದೇ ಮಲ್ಲೇಶಿ ನನ್ನ ಮನೆಗೆ ಬಂದು ಚಪ್ಪಲಿ ಬಿಟ್ಟು ಕುಳಿತ.

“ಮಾಮಾ, ನವಲಗುಂದದವರೊಬ್ರು ನಿಮ್ಮ ವಿಚಾರಣಿಗೆ ಬಂದಿದ್ರು.”

ನೆಲ ಬಾಯಿ ಬಿಡಲೆಂದು ಕಾದೆ. ಬಿಡಲಿಲ್ಲ.

“ಏನ್ ಹೇಳಿದ್ಯೋ?”

“ಮನಷ್ಯಾ ಬಂಗಾರ ಅಂದ್ನಿ. ನಮ್ಮಕ್ಕನ್ನ ಹೂವಿನಂಗ ನೋಡಿದ್ರು ಅಂದ್ನಿ. ಆಮ್‌ಸ್ಟರ್‌ಡ್ಯಾಮ್‌ನ್ಯಾಗ ಏನ್ ವ್ಯಾಪಾರ ಅಂತ ಕೇಳಿದ್ರು. ನಮ್ಮ ಮಾಮಾ ಗದಗ ದಾಟಿ ಹೋಗಿಲ್ರಿ, ಅಂದ್ನಿ. ಚಹಾ ಬಿಟ್ಟು ಎದ್ರು.”

ಮೊಬೈಲು ತೆಗೆದು, ನಾನು ತುಂಬಿದ್ದನ್ನು ಮೊದಲ ಸಲ ಪೂರ್ತಿ ಓದಿದೆ. ಈಗ ಇರುವ ಊರು: ಆಮ್‌ಸ್ಟರ್‌ಡ್ಯಾಮ್, ನೆದರ್ಲೆಂಡ್ಸ್. ಮಲ್ಲೇಶಿಯೂ ಬಗ್ಗಿ ಓದಿದ.

“ವಿಪಿಎನ್ ಹಾಕೀರೇನು? ಯಾರಿಗೆ ಅಂಜಿ?”

ನಾನು ಅವನನ್ನೇ ನೋಡಿದೆ. ಅವನಿಗೆ ತಿಳಿಯಿತು.

“ನಮ್ಮವ್ವ ಎರಡ ವರ್ಷದಿಂದ ನಿಮಗೊಂದು ಹೆಣ್ಣ ನೋಡು ಅಂತ ನನ್ನ ಜೀವಾ ತಿನ್ನಾಕತ್ತಾಳ. ನಿಮ್ಮ ಮುಂದ ಹ್ಯಾಂಗ ಮಾತು ತಗೀಲಿ ಅಂತ ನಾನ ಅಂಜಿದ್ನಿ.” ಆಮೇಲೆ ದನಿ ಇಳಿಸಿದ: “ಆ ಗಿರಿಜಾಬಾಯಾರಿಗೆ ಮನಸಿತ್ತಂತರಿ. ಪರದೇಶ ಅಂತನ ಹಿಂದ ಮುಂದ ನೋಡತಿದ್ರಂತ. ಅಣ್ಣಿಗೇರಿ ಅಂದಿದ್ರ ಅಡ್ಡಿ ಇದ್ದಿಲ್ಲ. ಸುಳ್ಳು ಹೇಳಾವ ಬ್ಯಾಡ ಅಂತ ಎದ್ದು ಹ್ವಾದ್ರು.”

ಅವನು ಹೋದ ಮೇಲೆ ಕ್ಷಮೆ ಕೇಳಿ ಉದ್ದನೆಯ ಮೆಸೇಜು ಬರೆದೆ. ಹೋಗಲಿಲ್ಲ. ಗಿರಿಜಾಬಾಯಿ ನನ್ನನ್ನು ಬ್ಲಾಕ್ ಮಾಡಿದ್ದರು.

ಈಗ ನನ್ನ ಖಾಸಗಿತನ ಪರಿಪೂರ್ಣವಾಗಿದೆ. ನನ್ನನ್ನು ನೋಡಲು ಯಾರಿಗೂ ಮನಸ್ಸಿಲ್ಲ.