ನೂರಡಿಯೊಳಗಿನ ದೋಣಿ

ಆರ್ಲೋ ಟಿಬೆಟ್ಸ್‌ನ ಹಿತ್ತಿಲ ತುದಿಯಲ್ಲಿ ಒಂದು ಹೊಂಡವಿತ್ತು. ಹೊಂಡ ಎನ್ನುವುದೂ ಅದಕ್ಕೆ ಹೆಚ್ಚಿನ ಮರ್ಯಾದೆಯೇ. ಹಿಮ ಕರಗಿದಾಗ ತುಂಬಿಕೊಂಡು, ಜುಲೈ ಮುಗಿಯುವಷ್ಟರಲ್ಲಿ ಒಣಗಿ, ಉಳಿದ ದಿನವೆಲ್ಲ ಮೇಪಲ್ ಎಲೆ ಹೊದ್ದು ಬಿದ್ದಿರುವ ತಗ್ಗು. ಮೂವತ್ತೆಂಟು ವರ್ಷ ಅವನು ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಏಪ್ರಿಲ್ ತಿಂಗಳ ಆ ಶನಿವಾರ ಬೆಳಗ್ಗೆ ಆರು ಗಂಟೆಗೆ ಮಾತ್ರ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಅಂಚಿನಲ್ಲಿ ನಿಂತು ಬಗ್ಗಿ ನೋಡಿದ. ಮುಳುಗಿದ ಕೊಂಬೆಯೊಂದಕ್ಕೆ ಅಂಟಿಕೊಂಡು ಎರಡು ಬೊಗಸೆಯಷ್ಟು ಲೋಳೆ ತೇಲುತ್ತಿತ್ತು. ಅದರ ತುಂಬ ಕರಿ ಚುಕ್ಕೆ. ಸಬ್ಬಕ್ಕಿ ಪಾಯಸಕ್ಕೆ ಯಾರೋ ಮೆಣಸಿನಕಾಳು ಸುರಿದ ಹಾಗಿತ್ತು.

"ಸತ್ತೆ," ಎಂದ ಆರ್ಲೋ.

ಅದು ಕಾಡುಕಪ್ಪೆಯ ಮೊಟ್ಟೆ. ಮ್ಯಾಸಚೂಸೆಟ್ಸಿನ ನಮ್ಮ ಹ್ಯಾಡ್ಲೋ ಊರಿನಲ್ಲಿ ಕಾಡುಕಪ್ಪೆ ಎಂದರೆ ಸಾಮಾನ್ಯ ಜೀವವಲ್ಲ. ವಸಂತದಲ್ಲಿ ಅದು ಮೊಟ್ಟೆಯಿಟ್ಟ ತಗ್ಗು ಯಾರ ಸ್ವಂತ ಜಾಗದಲ್ಲಿದ್ದರೂ ಊರಿನ ಜೌಗು ರಕ್ಷಣಾ ಸಮಿತಿಯ ಕಾವಲಿಗೆ ಬರುತ್ತದೆ. ಜಾಗ ನಿಮ್ಮದೇ, ತೆರಿಗೆ ಕಟ್ಟುವವರೂ ನೀವೇ. ಆದರೆ ನೀರಿನ ಅಂಚಿನಿಂದ ನೂರು ಅಡಿಯೊಳಗೆ ಅಗೆಯುವಂತಿಲ್ಲ, ಕಟ್ಟುವಂತಿಲ್ಲ, ಕೆಡವುವಂತಿಲ್ಲ. ಆ ಸಮಿತಿಯವರು ಒಂಬತ್ತು ಗಂಟೆಗೆ ಸರಿಯಾಗಿ ಆರ್ಲೋನ ಹಿತ್ತಿಲು ನೋಡಲು ಬರುವವರಿದ್ದರು.

ಎಲ್ಲಕ್ಕೂ ಕಾರಣ ಒಂದು ದೋಣಿ. ಆರ್ಲೋ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಮೊದಲ ಚಳಿಗಾಲದಲ್ಲೇ ಕೈ ಸುಮ್ಮನಿರದೆ ನಡುಮನೆಯಲ್ಲಿ ಮರದ ದೋಣಿ ಕಟ್ಟಲು ಕೂತ. ನೆಲಮಾಳಿಗೆಯಲ್ಲಿ ನೀರು ಒಸರುತ್ತದೆ, ನಡುಮನೆಯಲ್ಲಿ ಒಲೆಯ ಬಿಸಿ ಇದೆ, "ಒಂದೇ ಒಂದು ಚಳಿಗಾಲ" ಎಂದಿದ್ದ. ಆರು ಚಳಿಗಾಲ ಕಳೆದವು. ದೋಣಿ ಹದಿನೆಂಟು ಅಡಿಯಾಯಿತು. ಊಟದ ಮೇಜು ಮೊದಲು ಗೋಡೆಗೆ ಸರಿಯಿತು, ಆಮೇಲೆ ಜಗುಲಿಗೆ, ಕೊನೆಗೆ ಊರಿನ ಕಸದ ಗುಡ್ಡೆಗೆ. ಹೆಂಡತಿ ರೊವೀನಾ ಅಡುಗೆಮನೆಯ ಸಿಂಕಿನ ಮುಂದೆ ನಿಂತುಕೊಂಡೇ ಊಟ ಮಾಡುವುದನ್ನು ಕಲಿತಳು. ದೋಣಿ ಯಾವ ಬಾಗಿಲಿನಲ್ಲೂ ಹಿಡಿಸುವುದಿಲ್ಲ ಎಂಬುದು ಆರ್ಲೋಗೆ ಹೊಳೆದದ್ದು ಐದನೆಯ ವರ್ಷ. ಅದನ್ನು ಹೆಂಡತಿಗೆ ಹೇಳುವ ಧೈರ್ಯ ಬಂದದ್ದು ಆರನೆಯ ವರ್ಷ.

"ಮೇ ಹದಿನೈದಕ್ಕೆ ನಮ್ಮ ಮದುವೆಯಾಗಿ ನಲವತ್ತು ವರ್ಷ," ಎಂದಿದ್ದಳು ರೊವೀನಾ, ದನಿ ಏರಿಸದೆ. "ಹದಿನಾರು ಜನ ಊಟಕ್ಕೆ ಬರ್ತಾರೆ. ಅವತ್ತು ಈ ಮನೇಲಿ ಒಂದು ಮೇಜು ಇರ್ಬೇಕು. ದೋಣಿ ಇದ್ರೆ ನಾನಿರಲ್ಲ. ವೂಸ್ಟರಲ್ಲಿ ನನ್ನ ತಂಗಿ ಇದ್ದಾಳೆ."

ಆರ್ಲೋಗೆ ಹೆಂಡತಿಯೂ ಬೇಕಿತ್ತು, ದೋಣಿಯೂ ಬೇಕಿತ್ತು. ಆದ್ದರಿಂದ ಭಾರೀ ಯೋಜನೆಯನ್ನೇ ಹಾಕಿದ. ಮನೆಯ ಮುಂಭಾಗದಲ್ಲಿ ಕಲ್ಲಿನ ಹೊಗೆಗೂಡು ಅಡ್ಡ. ಹಾಗಾಗಿ ಹಿಂದಿನ ಗೋಡೆಯನ್ನು ಒಡೆಸಿ, ದೋಣಿಯನ್ನು ಉರುಳುಮರದ ಮೇಲೆ ಹಿತ್ತಿಲಿಗೆ ಜಾರಿಸಿ, ಅಲ್ಲೇ ಒಂದು ಶೆಡ್ಡು ಕಟ್ಟಿ ಒಳಗೆ ಇಡುವುದು. ಬಡಗಿ ಸೋಮವಾರ ಬರುವುದಾಗಿ ಒಪ್ಪಿದ್ದ. ಶೆಡ್ಡಿನ ನಾಲ್ಕು ಮೂಲೆಗೆ ಆರ್ಲೋ ನಾಲ್ಕು ಗೂಟ ಬಡಿದ. ಪಕ್ಕದ ಮನೆಯ ವಿನ್ನಿ ಸ್ಟೋಕ್ಸ್, ದಿನಾ ಹಕ್ಕಿ ನೋಡುತ್ತ ಕೂರುವ ಕಿಟಕಿಯಿಂದ ಆ ಗೂಟಗಳನ್ನು ಎಣಿಸಿದಳು.

ವಿನ್ನಿ ಊರಿನ ಅಂಚೆ ಕಚೇರಿಯನ್ನು ಇಪ್ಪತ್ತೆಂಟು ವರ್ಷ ನಡೆಸಿದವಳು. ಲಕೋಟೆ ಒಡೆಯದೆಯೇ ಒಳಗಿನ ಸುದ್ದಿ ಹೇಳಬಲ್ಲಳು ಎಂದು ಹೆಸರಿತ್ತು. ನಮ್ಮೂರಲ್ಲಿ ಶನಿವಾರ ಕಸ ಹಾಕಲು ಹೋಗುವುದು ಎಂದರೆ ಅರ್ಧ ಕಸ ಹಾಕುವುದು, ಅರ್ಧ ಸುದ್ದಿ ಹಾಕುವುದು. ಹಿಂದಿನ ಶನಿವಾರ ಅವಳು ಹಳೆಯ ಪೇಪರಿನ ಜೊತೆಗೆ ಆರ್ಲೋನ ಗೂಟದ ಸುದ್ದಿಯನ್ನೂ ಹಾಕಿ ಬಂದಳು. ಮಂಗಳವಾರ ಸಮಿತಿಯ ಪತ್ರ ಬಂತು.

ಪತ್ರ ಓದಿದ ದಿನವೇ ಆರ್ಲೋ ಹೊಂಡದಿಂದ ಗೂಟದವರೆಗೆ ಹೆಜ್ಜೆಯಲ್ಲಿ ಅಳೆದಿದ್ದ. ಇಪ್ಪತ್ತೆಂಟು ಹೆಜ್ಜೆ. ಒಂದು ಹೆಜ್ಜೆಗೆ ಮೂರಡಿ ಎಂದು ಅವನ ಅಪ್ಪ ಕಲಿಸಿದ್ದ. ಎಂಬತ್ತನಾಲ್ಕು ಅಡಿ! ಅಲ್ಲಿಗೆ ಶೆಡ್ಡು ಹೋಯಿತು, ಶೆಡ್ಡಿಲ್ಲದೆ ದೋಣಿ ಹೊರಗೆ ಬರುವುದಿಲ್ಲ, ದೋಣಿ ಬರದಿದ್ದರೆ ರೊವೀನಾ ವೂಸ್ಟರಿಗೆ. ಉಳಿದಿದ್ದ ಆಸೆ ಒಂದೇ, ಹೊಂಡದಲ್ಲಿ ಮೊಟ್ಟೆ ಇರಬಾರದು ಎನ್ನುವುದು. ಈಗ ಅದೂ ಲೋಳೆಯಾಗಿ ತೇಲುತ್ತಿತ್ತು.

ಆರ್ಲೋ ಕ್ರೂರಿಯಲ್ಲ. ಮೊಟ್ಟೆಯನ್ನು ಎತ್ತಿ ಹುಲ್ಲಿಗೆ ಎಸೆಯುವ ಯೋಚನೆ ಬಂದ ಕೂಡಲೇ ಅವನಿಗೇ ನಾಚಿಕೆಯಾಯಿತು. ಆಗ ಕಣ್ಣು ಬೇಲಿಯಾಚೆ ಹೋಯಿತು. ವಿನ್ನಿಯ ಕಡೆ, ಬೇಲಿಗೆ ಒತ್ತಿಕೊಂಡು ಇನ್ನೊಂದು ತಗ್ಗಿತ್ತು. ಒಂಬತ್ತು ವರ್ಷದ ಹಿಂದೆ ಎಲ್ಮ್ ಮರದ ಬೊಡ್ಡೆ ಕೀಳಿಸಿದಾಗ ಆದದ್ದು, ಈಗ ಹಿಮದ ನೀರಿನಿಂದ ತುಂಬಿತ್ತು.

"ನನ್ನ ಗೂಟ ಎಣಿಸ್ತೀಯಲ್ಲ ವಿನ್ನಿ," ಎಂದು ಆರ್ಲೋ ತನಗೆ ತಾನೇ ನಕ್ಕ. "ಈಗ ನಿನ್ನ ಕಪ್ಪೆ ಎಣಿಸ್ಕೊ."

ಅಡುಗೆಮನೆಗೆ ಕಳ್ಳನ ಹಾಗೆ ನುಗ್ಗಿ, ರೊವೀನಾ ಚೌಡರ್ ಎಂಬ ಗಟ್ಟಿ ಮೀನುಸಾರು ಬೇಯಿಸುವ ನೀಲಿ ಪಾತ್ರೆಯನ್ನು ತಂದ. ಲೋಳೆಯನ್ನು ಕೊಂಬೆ ಸಮೇತ ಅದರಲ್ಲಿ ತುಂಬಿ, ಬಸ್ಸಿನಲ್ಲಿ ಒಂದನೇ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದಷ್ಟೇ ಎಚ್ಚರಿಕೆಯಿಂದ ಹೆಜ್ಜೆಯಿಟ್ಟ. ಬೇಲಿ ದಾಟುವಾಗ ಪ್ಯಾಂಟು ಮೊಳೆಗೆ ಸಿಕ್ಕಿ ಚರ್ರೆಂದಿತು. ಮೊಟ್ಟೆಗೆ ಏನೂ ಆಗಲಿಲ್ಲ. ಕೊಂಬೆಯನ್ನು ವಿನ್ನಿಯ ಹೊಂಡದಲ್ಲಿ ಮೆಲ್ಲಗೆ ಇಳಿಸುತ್ತಿದ್ದಾಗ ಅವಳ ಮನೆಯ ಬಾಗಿಲು ಕಿರುಗುಟ್ಟಿತು. ಆರ್ಲೋ ಮತ್ತೆ ಬೇಲಿ ಹಾರಿದ. ಪಾತ್ರೆ ಆಚೆಯೇ ಉಳಿಯಿತು.

ಒಂಬತ್ತಕ್ಕೆ ಸಮಿತಿ ಬಂತು. ಅಧ್ಯಕ್ಷರು ಡಾಕ್ಟರ್ ಲಪ್ಲಾಂಟ್, ಊರಿನ ಹಲ್ಲಿನ ಡಾಕ್ಟರು; ಸಂಬಳವಿಲ್ಲದ ಈ ಕೆಲಸವನ್ನು ಸಂಬಳದ ಕೆಲಸಕ್ಕಿಂತ ಗಂಭೀರವಾಗಿ ಮಾಡುವವರು. ಜೊತೆಯಲ್ಲಿ ಊರು ಸಂಬಳ ಕೊಟ್ಟು ಇಟ್ಟುಕೊಂಡ ಪರಿಶೀಲಕಿ ನೇಡೀನ್, ಎದೆಯವರೆಗೆ ಬರುವ ರಬ್ಬರ್ ಉಡುಪಿನಲ್ಲಿ, ಕೈಯಲ್ಲಿ ಉದ್ದದ ಟೇಪು ಹಿಡಿದುಕೊಂಡು. ಆರ್ಲೋ ಡೋನಟ್ ಪೆಟ್ಟಿಗೆ ತೆರೆದು ಮುಂದೆ ಹಿಡಿದ.

"ಬರೀ ಸಕ್ಕರೆ," ಎಂದರು ಡಾಕ್ಟರು. "ನಿನ್ನ ಕೆಳಗಿನ ದವಡೆ ಹಲ್ಲು ನೆನಪಿದೆಯೇನಯ್ಯ?" ಎಂದು ಗದರಿಸಿ, ಎರಡು ಡೋನಟ್ ತಿಂದರು.

ಅಷ್ಟರಲ್ಲಿ ನೇಡೀನ್ ಟೇಪು ಎಳೆದು ಏನನ್ನೋ ಬರೆದುಕೊಂಡು ಹೊಂಡಕ್ಕಿಳಿದಳು. ಕಾಲು ಗಂಟೆ ಹುಡುಕಿದಳು, ಎಲೆ ಸರಿಸಿದಳು, ನೀರಿಗೆ ಕೈಯಿಳಿಸಿ ತಡವಿದಳು. "ಏನೂ ಇಲ್ಲ ಡಾಕ್ಟ್ರೇ. ಆಶ್ಚರ್ಯ. ನೋಡಿದ್ರೆ ಇದ್ದೇ ಇರ್ಬೇಕು ಅನ್ಸತ್ತೆ."

"ಕಪ್ಪೆಗೂ ತನ್ನ ಇಷ್ಟ ಅಂತ ಇರತ್ತಲ್ಲಮ್ಮಾ," ಎಂದ ಆರ್ಲೋ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಗೆದ್ದವನ ಬಾಯಿ ಸುಮ್ಮನಿರುವುದಿಲ್ಲ. "ಹೀಗೆ ನೋಡಿದ್ರೆ ಊರಲ್ಲಿ ಎಷ್ಟು ಹೊಂಡ ಇಲ್ಲ? ಇಗೋ, ವಿನ್ನಿ ಕಡೇನೂ ಒಂದಿದೆ. ಬಂದಿದ್ದೀರಿ, ಒಂದು ಕಣ್ಣು ಹಾಯಿಸಿ. ನಿಯಮ ಎಲ್ರಿಗೂ ಒಂದೇ ತಾನೇ?"

ಬೇಲಿಯಾಚೆ, ಕಾಫಿ ಲೋಟ ಹಿಡಿದು ಆಗಲೇ ನಿಂತಿದ್ದ ವಿನ್ನಿ, "ಬನ್ನಿ ಬನ್ನಿ, ಧಾರಾಳವಾಗಿ ನೋಡಿ," ಎಂದಳು. ಅವಳು ಇಷ್ಟು ಸಲೀಸಾಗಿ ಒಪ್ಪಿದ್ದು ಆರ್ಲೋನ ಗೆಲುವಿನ ರುಚಿಯನ್ನು ಸ್ವಲ್ಪ ಕೆಡಿಸಿತು.

ನೇಡೀನ್ ಬೇಲಿ ದಾಟಿದಳು, ಬಗ್ಗಿದಳು, ಕೂಗಿದಳು. "ಡಾಕ್ಟ್ರೇ! ಕಾಡುಕಪ್ಪೆ! ಎಷ್ಟು ಚೆನ್ನಾಗಿದೆ ನೋಡಿ!"

"ಅಯ್ಯೋ ಪಾಪ, ವಿನ್ನಿ!" ಎಂದ ಆರ್ಲೋ, ಶವಸಂಸ್ಕಾರದಲ್ಲಿ ಎಲ್ಲರಿಗಿಂತ ಜೋರಾಗಿ ಅಳುವವನ ದನಿಯಲ್ಲಿ. "ಇನ್ನು ನಿನ್ನ ಜಾಗ ನಿನ್ನದಲ್ಲ ಬಿಡು. ಒಂದು ಗುಲಾಬಿ ಗಿಡ ನೆಡೋಕೂ ಇವರನ್ನ ಕೇಳ್ಬೇಕು."

ವಿನ್ನಿ ಕಾಫಿ ಹೀರಿದಳು. ಡಾಕ್ಟರು ಆರ್ಲೋನ ಭುಜ ತಟ್ಟಿದರು. "ನಿನ್ನ ಶೆಡ್ಡಿನ ವಿಷಯ ಹೇಳ್ಬೇಕಿತ್ತು ಆರ್ಲೋ. ನೇಡೀನ್ ಬಂದ ತಕ್ಷಣ ಟೇಪು ಹಿಡಿದ್ಲು. ನಿನ್ನ ಹೊಂಡದಿಂದ ನಿನ್ನ ಗೂಟಕ್ಕೆ ನೂರೈದು ಅಡಿ. ಅದರಲ್ಲಿ ಮೊಟ್ಟೆ ಇದ್ದಿದ್ರೂ ನಿನಗೆ ತೊಂದ್ರೆ ಇರ್ಲಿಲ್ಲ ಕಣಯ್ಯ."

"ನೂರೈದು?" ಆರ್ಲೋನ ಕೈಯಲ್ಲಿ ಡೋನಟ್ ಪೆಟ್ಟಿಗೆ ಓರೆಯಾಯಿತು. "ನಾನು ಅಳೆದೆನಲ್ಲ! ಇಪ್ಪತ್ತೆಂಟು ಹೆಜ್ಜೆ!"

"ನಿನ್ನ ಕಾಲಿನ ಉದ್ದ ನೋಡ್ಕೊಂಡಿದ್ದೀಯಾ?" ಎಂದಳು ವಿನ್ನಿ ಬೇಲಿಯಾಚೆಯಿಂದ. "ನಿಮ್ಮಪ್ಪ ನಿನ್ನ ಎದೆವರೆಗೂ ಬರ್ತಿರ್ಲಿಲ್ಲ."

ಹೋಗಲಿ, ಬಿಟ್ಟಿ ಶ್ರಮ ಪಟ್ಟದ್ದಾಯಿತು, ಒಂದು ಪ್ಯಾಂಟು ಹೋಯಿತು ಎಂದು ಆರ್ಲೋ ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ನೇಡೀನ್ ಟೇಪಿನ ತುದಿಯನ್ನು ಬೇಲಿಯ ಮೇಲಿಂದ ಈಚೆಗೆ ಎಸೆದಳು. "ಸ್ವಲ್ಪ ಹಿಡ್ಕೊಳ್ತೀರಾ? ಆ ಗೂಟದ ಹತ್ರ ಹೋಗಿ."

"ಯಾವ ಗೂಟ? ಅದು ನನ್ನ ಗೂಟ."

"ಹೌದು. ಐವತ್ತೆರಡು ಅಡಿ." ಅವಳು ಬರೆದುಕೊಂಡಳು. "ಈಗ ನಿಮ್ಮ ಮನೆ ಹಿಂದಿನ ಗೋಡೆ... ಮೂವತ್ತೊಂಬತ್ತು."

"ತಡೀರಿ ತಡೀರಿ," ಎಂದ ಆರ್ಲೋ. "ಹೊಂಡ ಇರೋದು ಅವಳ ಜಾಗದಲ್ಲಿ. ಮಧ್ಯೆ ಬೇಲಿ ಇದೆ, ಕಾಣಲ್ವಾ?"

"ನಮಗೆ ಕಾಣತ್ತೆ. ಕಪ್ಪೆಗೆ ಬೇಲಿ ಯಾರದ್ದು ಅಂತ ಗೊತ್ತಾಗಲ್ಲ," ಎಂದಳು ನೇಡೀನ್.

ಡಾಕ್ಟರ ಮುಖ ಅರಳಿತು. "ಅಲ್ಲಯ್ಯ, ಮರೆತೆಯಾ? ಊರ ಸಭೆಯಲ್ಲಿ ಎದ್ದು ನಿಂತು ನಿಯಮಕ್ಕೆ ಆ ಸಾಲು ಸೇರಿಸಿದವನೇ ನೀನು! ಆ ಬಿಲ್ಡರು ಕೊಳದ ಪಕ್ಕ ಹನ್ನೆರಡು ಮನೆ ಕಟ್ತೀನಿ ಅಂತ ಬಂದಾಗ. 'ನೀರು ಯಾರ ಜಾಗದಲ್ಲಿದ್ರೇನು, ನೂರಡಿ ಅಂದ್ರೆ ನೂರಡಿ, ಬೇಲಿ ಗೀಲಿ ಲೆಕ್ಕಕ್ಕಿಲ್ಲ' ಅಂದೆ. ಏನು ಚಪ್ಪಾಳೆ!"

ಆರ್ಲೋಗೆ ಚಪ್ಪಾಳೆ ಚೆನ್ನಾಗಿ ನೆನಪಿತ್ತು. ಆಡಿದ ಮಾತು ಮರೆತಿತ್ತು. ನೂರಕ್ಕೆ ಐವತ್ತೆರಡು ಹೋದರೂ, ಮೂವತ್ತೊಂಬತ್ತು ಹೋದರೂ ಉಳಿಯುವುದು ದೋಣಿಯ ಸಮಾಧಿಯೇ ಎಂದು ಅವನಿಗೆ ಈಗ ತಿಳಿಯಿತು. ಶೆಡ್ಡು ಕಟ್ಟುವಂತಿಲ್ಲ ಎನ್ನುವುದು ಹಾಗಿರಲಿ, ದೋಣಿಯನ್ನು ಹೊರಗೆ ತರಲು ಗೋಡೆಯನ್ನೇ ಒಡೆಯುವಂತಿಲ್ಲ.

"ಸೋಮವಾರ ಬಡಗಿ ಬರ್ತಾನೆ ಡಾಕ್ಟ್ರೇ..."

"ಜುಲೈ ಕೊನೆವರೆಗೂ ಮುಟ್ಟೋ ಹಾಗಿಲ್ಲಪ್ಪ, ಮರಿ ಆಚೆ ಬರ್ಬೇಕಲ್ಲ. ಆಮೇಲೆ ಅರ್ಜಿ ಹಾಕು. ಅಕ್ಕಪಕ್ಕದವರಿಗೆ ರಿಜಿಸ್ಟರ್ಡ್ ಪತ್ರ ಕಳಿಸು. ಅವರ ತಕರಾರು ಇಲ್ಲದಿದ್ರೆ ನೋಡೋಣ."

ಆರ್ಲೋಗೆ ಅಕ್ಕಪಕ್ಕದವರು ಎಂದರೆ ಒಬ್ಬಳೇ. ಅವಳು ಬೇಲಿಗೆ ಮೊಣಕೈ ಊರಿ ನಿಂತಿದ್ದಳು.

"ಬರೋ ವರ್ಷ ಕಪ್ಪೆ ಈ ಕಡೆ ಬರದೇ ಇರಬಹುದಲ್ಲ?" ಎಂದು ಆರ್ಲೋ ಕೊನೆಯ ಹುಲ್ಲುಕಡ್ಡಿಗೆ ಕೈಚಾಚಿದ.

"ಇಲ್ಲ ಇಲ್ಲ," ಎಂದಳು ನೇಡೀನ್ ಉತ್ಸಾಹದಿಂದ. "ಹುಟ್ಟಿದ ಹೊಂಡಕ್ಕೇ ವಾಪಸ್ ಬಂದು ಮೊಟ್ಟೆ ಇಡ್ತಾವೆ ಇವು. ಇನ್ನು ಪ್ರತಿ ವರ್ಷ ಇಲ್ಲೇ."

ಎಲ್ಲವನ್ನೂ ಒಪ್ಪಿಕೊಂಡುಬಿಡೋಣ ಎಂದು ಆರ್ಲೋ ಬಾಯಿ ತೆರೆದ. ಇವು ಈ ಹೊಂಡದವಲ್ಲ, ನಾನೇ ತಂದದ್ದು, ವಾಪಸ್ ಇಟ್ಟುಬಿಡುತ್ತೇನೆ, ಎನ್ನಬೇಕು. ಅಷ್ಟರಲ್ಲಿ ಡಾಕ್ಟರು ಮೂರನೆಯ ಡೋನಟ್‌ಗೆ ಕೈ ಹಾಕುತ್ತ, "ಸದ್ಯ, ನಮ್ಮೂರಿನ ಜನ ಒಳ್ಳೆಯವರು," ಎಂದರು. "ಆಚೆ ಊರಲ್ಲಿ ಯಾರೋ ಮೊಟ್ಟೆ ಎತ್ತಿ ಬೇರೆ ಕಡೆ ಹಾಕಿದ್ನಂತೆ. ಎರಡು ವರ್ಷದಿಂದ ಕೋರ್ಟಿಗೆ ಅಲೀತಿದ್ದಾನೆ." ಆರ್ಲೋ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದ. ಆ ಡಾಕ್ಟರ ಮುಂದೆ ಬಾಯಿ ತೆರೆದು ಮಾತಾಡಲಾಗದೆ ಕೂತ ಅಭ್ಯಾಸ ಅವನಿಗೆ ಇದ್ದೇ ಇತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ರೊವೀನಾಗೆ ಗೋಡೆಯ ಸುದ್ದಿಯನ್ನು ಹೇಳಿದ, ಕಪ್ಪೆ ತಾನಾಗಿಯೇ ವಿನ್ನಿಯ ಕಡೆ ಮೊಟ್ಟೆಯಿಟ್ಟಂತೆ. ರೊವೀನಾ ಕೂಗಾಡಲಿಲ್ಲ. ದೋಣಿಯ ಅಂಚಿಗೆ ಒರಗಿಕೊಂಡು, "ನಿನ್ನ ಹಣೆಬರಹ ಕಣೋ ಆರ್ಲೋ. ಕಪ್ಪೆ ಮಾಡಿದ್ದಕ್ಕೆ ನಿನ್ನ ಯಾಕೆ ಬೈಲಿ," ಎಂದಳು. ಹೆಂಡತಿ ಇಷ್ಟು ಒಳ್ಳೆಯವಳೆಂದು ನಲವತ್ತು ವರ್ಷದಲ್ಲಿ ಅವನಿಗೆ ಗೊತ್ತೇ ಆಗಿರಲಿಲ್ಲ. ಅವನ ಕಣ್ಣು ತುಂಬಿ ಬಂತು.

ಆಗ ಬಾಗಿಲು ಬಡಿದ ಸದ್ದಾಯಿತು. ವಿನ್ನಿ. ಕೈಯಲ್ಲಿ ಹಬೆಯಾಡುವ ಚೌಡರ್, ನೀಲಿ ಪಾತ್ರೆಯ ತುಂಬ.

"ನಿನ್ನ ಪಾತ್ರೆ ರೊವೀನಾ. ನನ್ನ ಹೊಂಡದ ಹತ್ರ ಇತ್ತು. ಮೂರು ಸಲ ತೊಳೆದಿದ್ದೀನಿ, ಹೆದರ್ಬೇಡ." ಆಮೇಲೆ ಆರ್ಲೋನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ದನಿ ನಿಜವಾಗಿಯೂ ನಡುಗುತ್ತಿತ್ತು. "ಒಂಬತ್ತು ವರ್ಷ, ಆರ್ಲೋ! ಎಲೆ ಹಾಕಿದೆ, ಕೊಂಬೆ ಹಾಕಿದೆ, ಒಂದು ಕಪ್ಪೆ ಮೂಸಿ ನೋಡ್ಲಿಲ್ಲ. ಇನ್ನು ನನ್ನ ಹಕ್ಕಿಗಳ ಮುಂದೆ ಯಾರೂ ಶೆಡ್ಡು ಕಟ್ಟೋ ಹಾಗಿಲ್ಲ. ಬೆಳಗ್ಗೆ ದುರ್ಬೀನು ಹಿಡ್ಕೊಂಡು ಕೂತಿದ್ದೆ, ನೀನು ಬೇಲಿ ಹಾರೋದು ಕಂಡಾಗ ಕೂಗಿ ಥ್ಯಾಂಕ್ಸ್ ಹೇಳ್ಬೇಕು ಅನ್ನಿಸ್ತು. ಯಾರಿಗೂ ಹೇಳಲ್ಲ ಬಿಡು, ನನ್ನಾಣೆ."

ಹೇಳಬಾರದವರಿಗೆ ಆಗಲೇ ಹೇಳಿದ್ದಾಗಿತ್ತು. ರೊವೀನಾ ಪಾತ್ರೆಯನ್ನು ನೋಡಿದಳು, ಆರ್ಲೋನ ಬೂಟು ನೋಡಿದಳು, ಹರಿದ ಪ್ಯಾಂಟು ನೋಡಿದಳು. ಒಳಗೆ ಹೋಗಿ ಎರಡು ಬಟ್ಟಲು ತಂದಳು, ಒಂದು ವಿನ್ನಿಗೆ, ಒಂದು ತನಗೆ. ಇನ್ನೊಂದು ಸಲ ಒಳಗೆ ಹೋಗಿ ವೂಸ್ಟರಿನ ತಂಗಿಗೆ ಫೋನು ಮಾಡಿದಳು. ಮತ್ತೆ ಬಂದಾಗ ಕೈಯಲ್ಲಿ ಒಂದು ಚೀಲವಿತ್ತು.

"ರೊವೀನಾ, ನೀನು ಹೋಗ್ಬೇಡ ಕಣೇ," ಎಂದು ಆರ್ಲೋ ಅಂಗಲಾಚಿದ.

"ನಾನ್ಯಾಕೆ ಹೋಗ್ಲಿ?" ಎಂದು ರೊವೀನಾ ಆ ಚೀಲವನ್ನು ಅವನ ಕೈಗಿಟ್ಟಳು. "ನನ್ನ ತಂಗಿ ಮಹಡಿ ಮೇಲಿನ ರೂಮು ಗುಡಿಸ್ತಿದ್ದಾಳೆ. ಈ ಮನೆ ಬಿಟ್ಟು ಹೋಗೋಕೆ ದೋಣಿಗೆ ಅನುಮತಿ ಇಲ್ಲ. ನಿನಗಿದೆ."