ಟಬ್ಬಿಗೆ ಹೋಗಿ ಬಂದ ಮೀನು

ಚರ್ಚಾಸ್ಪರ್ಧೆಯಲ್ಲಿ ಗೆದ್ದರೆ ಕೈಗೊಂದು ಫಲಕ ಕೊಟ್ಟು ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಗೆದ್ದರೆ ಹಾಗಲ್ಲ, ಗೆದ್ದದ್ದನ್ನು ನಾವೇ ಸಾಕಬೇಕು. ಬಸವೇಶ್ವರನಗರದ ನಮ್ಮ ಮನೆಯ ಹಾಲಿನಲ್ಲಿ, ಅಮ್ಮನ ಶೋಕೇಸ್ ಇದ್ದ ಜಾಗದಲ್ಲಿ ಈಗ ಆರಡಿ ಉದ್ದದ ಉಪ್ಪುನೀರಿನ ಅಕ್ವೇರಿಯಂ ಇದೆಯಲ್ಲ, ಅದು ನಾನು ಗೆದ್ದ ವಾದ. ವಾರವಾರವೂ ಅದರ ನೀರು ಬದಲಿಸುತ್ತೇನೆ.

"ಮೀನು ಅಂದ್ರೆ ಮೀನೇ, ನಮ್ಮಂಥವರ ಮನೆಯೊಳಗೆ ಬೇಡ" ಎಂದು ಅಮ್ಮ ಪಟ್ಟು ಹಿಡಿದಿದ್ದರು. ನಾನು ತರಬೇಕೆಂದಿದ್ದದ್ದು ರ‍್ಯಾಬಿಟ್ ಫಿಶ್, ಅಂದರೆ ಮೊಲಮೀನು. ಸಮುದ್ರದಲ್ಲಿ ಪಾಚಿ ಮೇಯುತ್ತಾ ಬದುಕುವ ಪ್ರಾಣಿ. "ಅಮ್ಮಾ, ಇವು ಸೊಪ್ಪು ತಿನ್ನೋವು. ದಿನಾ ಸಂಜೆ ಬೇಕರೀಲಿ ಎಗ್ ಪಫ್ ತಿಂದು ಬಾಯಿ ಒರೆಸ್ಕೊಂಡು ಬರೋ ಅಣ್ಣನಿಗಿಂತ ಮಡಿ" ಎಂದೆ. ಅಮ್ಮ ಅಣ್ಣನ ಕಡೆ ತಿರುಗಿದರು. ಅಣ್ಣ ಎದ್ದು ಹೋದ. ಆಮೇಲೆ ಶೋಕೇಸೂ ಹೋಯಿತು.

ಮೊದಲು ಎರಡನ್ನು ತಂದೆ. ಒಂದು ಅರಿಶಿನ ಬಣ್ಣದ್ದು, ಅದರ ಮೂತಿ ನರಿಯಂತೆ ಚೂಪು. ಇನ್ನೊಂದರ ಮೈತುಂಬ ಕಿತ್ತಳೆ ಚುಕ್ಕಿ. ಬಲ್ಲವರು ಹೇಳುವುದಿಷ್ಟು: ಒಂದೇ ಜಾತಿಯವು ಎರಡಿದ್ದರೆ ಗಂಡಸರಂತೆ ಹೊಡೆದಾಡುತ್ತವೆ, ಬೇರೆ ಬೇರೆ ಜಾತಿಯವು, ನೋಡಲು ಬೇರೆ ಬೇರೆಯಾಗಿದ್ದರೆ ಹೊಂದಿಕೊಳ್ಳುತ್ತವೆ, ಆದರೆ ಎಲ್ಲವನ್ನೂ ಒಟ್ಟಿಗೇ ಬಿಡಬೇಕು. ನಾನು ಯಾರು ಹೇಳಿದ್ದನ್ನೂ ಸುಮ್ಮನೆ ನಂಬುವವಳಲ್ಲ. ಆದರೂ ಒಟ್ಟಿಗೇ ಬಿಟ್ಟೆ. ಹೊಂದಿಕೊಂಡವು. ಶ್ರೇಯಸ್ಸು ನನ್ನ ವಾದಕ್ಕೆ ಎಂದುಕೊಂಡೆ.

ಅಷ್ಟರಲ್ಲಿ ಅಣ್ಣನಿಗೆ ಮದುವೆಯಾಗಿ, ಹಾವೇರಿಯಿಂದ ಅತ್ತಿಗೆ ಬಂದರು. ಒಳ್ಳೆಯವರೇ. ಆದರೆ ಬೆಳಿಗ್ಗೆ ನಾನಿನ್ನೂ ಮಲಗಿರುವಾಗ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ತಟ್ಟುವ ಸದ್ದು. ಫ್ರಿಜ್ಜಿನಲ್ಲಿ ನನ್ನ ಚಾಕಲೇಟಿನ ಜಾಗದಲ್ಲಿ ಶೇಂಗಾ ಚಟ್ನಿಪುಡಿ. ನಾನು ಜಗಳವಾಡಲಿಲ್ಲ, ಬರೀ ಪ್ರಶ್ನೆ ಕೇಳಿದೆ. ಚಟ್ನಿಪುಡಿಯನ್ನು ಫ್ರಿಜ್ಜಿನಲ್ಲಿ ಇಡಬೇಕೆನ್ನುವುದಕ್ಕೆ ಆಧಾರವೇನು? ರೊಟ್ಟಿ ತಟ್ಟದೆ ಲಟ್ಟಿಸಿದರೆ ರುಚಿಯಲ್ಲಿ ಆಗುವ ನಷ್ಟವೇನು? ಅತ್ತಿಗೆ ನಗುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ.

ಒಂದು ಭಾನುವಾರ ಅತ್ತಿಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಒಳಗೆ ಮೂರನೇ ಜಾತಿಯ ಮೊಲಮೀನು, ಮುಖದ ಹತ್ತಿರ ಎರಡು ಕಪ್ಪು ಪಟ್ಟೆ. "ನಿಮಗ ಖುಷಿ ಆಗಲಿ ಅಂತ ತಂದೇನ್ರಿ" ಎಂದರು. ಉಡುಗೊರೆಯನ್ನು ಖಂಡಿಸುವ ಕ್ರಮ ನನಗೆ ಯಾರೂ ಕಲಿಸಿರಲಿಲ್ಲ. ತೊಟ್ಟಿಗೆ ಬಿಟ್ಟೆ.

ಚುಕ್ಕಿಯದು ತಲೆ ಕೆಡಿಸಿಕೊಳ್ಳಲಿಲ್ಲ. ಹಳದಿಯದು ಮಾತ್ರ ಬೆನ್ನಿನ ಮುಳ್ಳುಗಳನ್ನೆಲ್ಲ ನೆಟ್ಟಗೆ ಮಾಡಿಕೊಂಡು ಬಂತು. ವಿಷದ ಮುಳ್ಳು. ಮೊಲದ ಹೆಸರು, ನರಿಯ ಮೂತಿ, ನಡವಳಿಕೆ ಮಾತ್ರ ನಮ್ಮ ಬಡಾವಣೆಯ ಮನೆ ಓನರುಗಳದು. ನಮ್ಮ ಮೇಲಿನ ಪೋರ್ಷನ್ನಿಗೆ ಬಾಡಿಗೆಗೆ ಹೊಸಬರು ಬಂದಾಗಲೆಲ್ಲ ಅಪ್ಪ ನಲ್ಲಿ ನೋಡುವ ನೆಪದಲ್ಲಿ ಮೆಟ್ಟಿಲು ಹತ್ತುವುದು ಹೀಗೆಯೇ. ಹೊಸ ಮೀನು ಪೈಪಿನ ಹಿಂದೆ ಅವಿತುಕೊಂಡು, ಬಣ್ಣವೆಲ್ಲ ಬಿಟ್ಟು ಕಂದು ಮಚ್ಚೆ ಮಚ್ಚೆಯಾಯಿತು.

"ಬಣ್ಣ ಹೋಯ್ತಲ್ಲೇ! ಡೂಪ್ಲಿಕೇಟ್ ಕೊಟ್ಟವ್ನೆ ಅಂಗಡಿಯೋನು" ಎಂದರು ಅಮ್ಮ.

"ಹೆದರಿದ್ರೆ ಹಾಗಾಗತ್ತಮ್ಮ. ವಾಪಸ್ ಬರತ್ತೆ."

ಮರುದಿನವೂ ಬರಲಿಲ್ಲ. ಹೊಸತು ಏನನ್ನೂ ತಿನ್ನಲಿಲ್ಲ. ಊಟಕ್ಕೆಂದು ಕ್ಲಿಪ್ಪಿಗೆ ಸಿಕ್ಕಿಸಿದ ಒಣಪಾಚಿ ಹಾಳೆಯ ಮುಂದೆ ಹಳದಿಯದು ಕಾವಲು ನಿಂತಿತ್ತು. ಅತ್ತಿಗೆ ಗಾಜಿಗೆ ಮುಖ ಹಚ್ಚಿ ನೋಡಿ, "ನಿಮ್ಮ ಮೀನ ನಮ್ಮ ಮೀನಕ್ಕ ಉಣ್ಣಾಕ ಬಿಡವಲ್ದು ನೋಡ್ರಿ" ಎಂದರು. ದೂರು ಹೇಳುವ ದನಿಯಲ್ಲ, ವರದಿಯ ದನಿ. ಅಮ್ಮ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು: "ನೋಡು, ಅವಳು ಆಸೆಯಿಂದ ತಂದ ಮೀನು ಸತ್ತರೆ ಯಾರ ಮೀನು ಕೊಂದಿದ್ದು ಅಂತಾರೆ? ಆಮೇಲೆ ಈ ತೊಟ್ಟಿ ಇಲ್ಲಿರಲ್ಲ, ನನ್ನ ಶೋಕೇಸ್ ಬರತ್ತೆ."

ತೊಟ್ಟಿಗಿಂತ ಆ ಮೊದಲ ಪ್ರಶ್ನೆಯೇ ನನ್ನನ್ನು ಚುಚ್ಚಿತು. ಅವತ್ತೇ ಕೆಲಸಕ್ಕಿಳಿದೆ. ಮುಳ್ಳು ಬಲೆಗೆ ಸಿಕ್ಕಿಕೊಳ್ಳದಂತೆ ಹಳದಿಯದನ್ನು ಡಬ್ಬಿಯಲ್ಲಿ ಹಿಡಿದು, ಗಾಳಿ ಪಂಪು ಹಾಕಿದ ದೊಡ್ಡ ಟಬ್ಬಿನ ಉಪ್ಪುನೀರಿಗೆ ಬಿಟ್ಟೆ. ತೊಟ್ಟಿಯೊಳಗಿನ ಕಲ್ಲುಗಳನ್ನೆಲ್ಲ ಆಚೀಚೆ ಸರಿಸಿದೆ.

"ಯಾಕೆ ಹಂಗೆ ಮಾಡ್ತೀಯ?" ಅಮ್ಮ ಕೇಳಿದರು.

"ಹಳೇದಕ್ಕೆ ಇದು ತನ್ನ ಮನೆ ಅನ್ನೋ ಜಂಭ. ಕೆಲವು ದಿನ ಆಚೆ ಇಟ್ಟರೆ ಹೊಸದು ಧೈರ್ಯವಾಗಿ ಊಟ ಶುರು ಮಾಡತ್ತೆ. ಹಳೇದು ವಾಪಸ್ ಬಂದಾಗ ಜಾಗವೆಲ್ಲ ಬದಲಾಗಿರತ್ತೆ, ಅದೂ ಹೊಸದೇ ಆಗತ್ತೆ. ಲೈಟ್ ಆರಿಸಿ, ತಂಟೆಗೆ ಹೋಗದೆ ಬಿಟ್ಟರೆ ತಾನೇ ಊಟಕ್ಕೆ ಬರತ್ತೆ."

"ಓಹೋ" ಎಂದರು ಅಮ್ಮ. ನನ್ನ ವಾದಕ್ಕೆ ಅವರು ಇಷ್ಟು ಗಮನ ಕೊಟ್ಟದ್ದು ಅದೇ ಮೊದಲು. ನನಗೆ ಹೆಮ್ಮೆಯಾಯಿತು.

ಉಪಾಯ ಫಲಿಸಿತು. ಹಳದಿಯದು ವಾಪಸ್ ಬಂದು, ತನ್ನ ಗುಹೆ ಎಲ್ಲಿ ಎಂದು ಹುಡುಕುತ್ತಾ ಹುಡುಕುತ್ತಾ ಮುಳ್ಳು ಎತ್ತುವುದನ್ನೇ ಮರೆಯಿತು. ಮೂರೂ ಒಂದೇ ಹಾಳೆಗೆ ಬಾಯಿ ಹಾಕಿದ್ದನ್ನು ಅತ್ತಿಗೆ ವಿಡಿಯೋ ಮಾಡಿ ಹಾವೇರಿಗೆ ಕಳಿಸಿದರು.

ಸ್ವಲ್ಪ ದಿನ ಕಳೆದ ಮೇಲೆ ಅಮ್ಮ, "ಕೆಂಗೇರಿ ಚಿಕ್ಕಮ್ಮಂಗೆ ಬೇಜಾರಂತೆ ಕಣೇ, ಒಂದು ವಾರ ಇದ್ದು ಬಾ. ಮೀನು ನಾವು ನೋಡ್ಕೋತೀವಿ" ಎಂದರು. ಹೋದೆ. ಚಿಕ್ಕಮ್ಮನಿಗೆ ಬೇಜಾರಿನ ಲಕ್ಷಣವೇ ಇರಲಿಲ್ಲ; ನನ್ನನ್ನು ಕಂಡು ಅವರಿಗೇ ಆಶ್ಚರ್ಯ. ನನಗೆ ಅನುಮಾನ ಬರಲಿಲ್ಲ. ನೆನಪಿರಲಿ, ನಾನು ಯಾರು ಹೇಳಿದ್ದನ್ನೂ ಸುಮ್ಮನೆ ನಂಬುವವಳಲ್ಲ.

ವಾಪಸ್ ಬಂದು ಬೆಲ್ ಮಾಡಿದರೆ ಬಾಗಿಲು ತೆಗೆದದ್ದು ಅತ್ತಿಗೆ. "ಬರ‍್ರಿ, ಬರ‍್ರಿ, ಕೂಡ್ರಿ. ಚಾ ಮಾಡ್ಲೇನು?" ಎಲ್ಲಿ ಕೂರಲಿ? ದಿವಾನ ಕಿಟಕಿಯ ಕೆಳಗೆ ಹೋಗಿತ್ತು. ನನ್ನ ಓದುವ ಮೇಜು ರೂಮಿನ ಮೂಲೆ ಸೇರಿತ್ತು, ಅದರ ಜಾಗದಲ್ಲಿ ಅತ್ತಿಗೆಯ ಹೊಲಿಗೆ ಮಿಷನ್. ಫ್ರಿಜ್ಜೇ ಆಚೆ ಗೋಡೆಗೆ ಸರಿದಿತ್ತು. ನಾನು ಬ್ಯಾಗು ಹಿಡಿದುಕೊಂಡೇ ತೊಟ್ಟಿಯ ಪಕ್ಕಕ್ಕೆ ಸರಿದು ನಿಂತೆ. ಗಾಜಿನಲ್ಲಿ ಕಂಡ ನನ್ನ ಮುಖಕ್ಕೆ ಬಣ್ಣವಿರಲಿಲ್ಲ.

ಒಳಗಿನಿಂದ ಅಮ್ಮನ ದನಿ ಬಂತು: "ಅವಳ ತಂಟೆಗೆ ಹೋಗ್ಬೇಡಮ್ಮ, ಬಾ. ಹಾಲಿನ ಲೈಟ್ ಆರಿಸ್ಬಿಡು. ತಾನೇ ಊಟಕ್ಕೆ ಬರ್ತಾಳೆ."

ಖಂಡಿಸಲು ನನ್ನ ಬಳಿ ಮೂರು ಅಂಶಗಳಿದ್ದವು. ಆದರೆ ಅಡುಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ಶುರುವಾಗಿತ್ತು, ಎಣ್ಣೆಗಾಯಿಯ ವಾಸನೆಯೂ ಬರುತ್ತಿತ್ತು.

ಹೋದೆ.