ಟೀ ಮಾಮ ಪಾತ್ರೆ ಬೆಳಗಿದ್ದು

ಕೆಲವರ ಗ್ರಹಚಾರ ನಕ್ಷತ್ರ ನೋಡಿಕೊಂಡು ಬರುತ್ತದೆ. ಟೀ ಮಾಮನ ಗ್ರಹಚಾರ ಬೆಳಿಗ್ಗೆ ಒಂಬತ್ತೂವರೆಗೆ ಮ್ಯಾನೇಜರರ ರೂಪದಲ್ಲಿ ಬಂತು. ಎಂದೂ ಬಾರದವರು ಅಂದು ಕಚೇರಿಯ ಹಿಂದಿನ ಟೀ ಕೋಣೆಗೆ ಬಂದು, ಒಲೆಯ ಮೇಲಿನ ಹಳೇ ಅಲ್ಯೂಮಿನಿಯಂ ಪಾತ್ರೆಯೊಳಗೆ ಇಣುಕಿ, ಮುಖ ಹಿಂಡಿದರು.

"ಏನ್ರೀ ಇದು? ಪಾತ್ರೇನೋ, ಬಚ್ಚಲ ಮೋರೀನೋ?"

"ಟೀ ಕಲೆ ಸಾರ್. ಹನ್ನೊಂದು ವರ್ಷದ್ದು."

"ನಾಲ್ಕು ಗಂಟೆಗೆ ಹೆಡ್ ಆಫೀಸಿಂದ ದೊಡ್ಡ ಸಾಹೇಬ್ರು ಬರ್ತಾರೆ. ನಿಮ್ಮನ್ನ ಕಾಯಂ ಮಾಡೋದು, ಬಿಡೋದು ಅವರ ಕೈಲಿದೆ. ಮೂಲೆ ಮೂಲೆ ನೋಡೋ ಮನುಷ್ಯ. ಇದು ಫಳಫಳ ಹೊಳೀದಿದ್ರೆ ನಿಮ್ಮ ಪರವಾಗಿ ನಾನಂತೂ ಬಾಯಿ ಬಿಡಲ್ಲ. ತಿಳೀತಾ?"

ತಿಳಿಯದೆ ಏನು? ಹನ್ನೊಂದು ವರ್ಷದಿಂದ ಮಾಮ ಹಂಗಾಮಿ. ಅವನ ಜೊತೆಗೇ ಸೇರಿದ್ದ ಬಾಗಿಲು ಕಾಯುವವನು ಕಾಯಂ ಆಗಿ, ನಿವೃತ್ತನಾಗಿ, ಈಗ ಮೊಮ್ಮಕ್ಕಳನ್ನು ಎತ್ತಿಕೊಂಡು ಓಡಾಡುತ್ತಿದ್ದ. ಮಾಮನ ಹೆಂಡತಿ ಅಂದು ಬುತ್ತಿ ಕೈಗಿಡುವಾಗಲೇ ಹೇಳಿದ್ದಳು: "ಈ ಸಲಾನೂ ಆಗ್ಲಿಲ್ಲ ಅಂದ್ರೆ ಆ ಆಫೀಸಲ್ಲೇ ಮಲ್ಕೊಳ್ಳಿ. ಮನೆ ಕಡೆ ತಲೆ ಹಾಕ್ಬೇಡಿ." ಆಕೆ ತಮಾಷೆಗೆ ಮಾತಾಡುವ ಪೈಕಿಯಲ್ಲ.

ಮಾಮ ಸೋಪು ಹಚ್ಚಿ ತಿಕ್ಕಿದ. ಕಲೆ ಜಪ್ಪಯ್ಯ ಅನ್ನಲಿಲ್ಲ. ಸದ್ದು ಕೇಳಿ ಹೆಡ್ ಕ್ಲರ್ಕ್ ಬಂದರು. ಫೈಲು ಬಿಟ್ಟು ಮಿಕ್ಕಿದ್ದೆಲ್ಲ ಅವರಿಗೆ ಗೊತ್ತು.

"ಸೋಪಿಗೆಲ್ಲ ಬಗ್ಗೋ ಜಾತಿ ಅಲ್ಲ ಇದು ಮಾಮ. ವಾಷಿಂಗ್ ಸೋಡಾ ಹಾಕಿ ಕುದಿಸಿ. ನಮ್ಮತ್ತೆ ಮನೇಲಿ ಹಂಗೇ ಮಾಡೋದು."

ಮಾಮ ಓಡಿಹೋಗಿ ಸೋಡಾ ತಂದು ಕುದಿಸಿದ. ಅಲ್ಲಿಯವರೆಗೆ ಬರೀ ಕಂದಾಗಿದ್ದ ಪಾತ್ರೆ ಅರ್ಧ ಗಂಟೆಯಲ್ಲಿ ಕಾಗೆಯಷ್ಟು ಕಪ್ಪಾಯಿತು.

"ಸಾರ್, ನಿಮ್ಮತ್ತೆ ಪಾತ್ರೆ ಯಾವುದ್ರದ್ದು?"

"ಸ್ಟೀಲು," ಎಂದ ಹೆಡ್ ಕ್ಲರ್ಕಿಗೆ ಥಟ್ಟನೆ ಯಾವುದೋ ಅರ್ಜೆಂಟ್ ಫೈಲು ನೆನಪಾಯಿತು.

ಮಾಮ ತಲೆ ಮೇಲೆ ಕೈಹೊತ್ತು ಕೂತ. ಅಷ್ಟರಲ್ಲಿ ಡ್ರೈವರ್ ಹಾಜರು. "ಇದಕ್ಕೆಲ್ಲ ರಟ್ಟೆ ಬೇಕು ಮಾಮ, ರಟ್ಟೆ!" ಎನ್ನುತ್ತ ಒದ್ದೆ ಮರಳು ಹಾಕಿ, ಮೊಣಕಾಲು ಪಾತ್ರೆಯೊಳಗೆ ಊರಿ, ಜೀಪಿನ ಚಕ್ರ ತಿಕ್ಕಿದಂತೆ ತಿಕ್ಕಿದ. ಕಪ್ಪು ಹೋಗಲಿಲ್ಲ, ತಳ ಮಾತ್ರ ಉಬ್ಬಿತು. ಪಾತ್ರೆ ನೆಲದ ಮೇಲೆ ಕುಂಟತೊಡಗಿತು.

"ಅಯ್ಯೋ ನಿಮ್ಮ ಬುದ್ಧಿಗಿಷ್ಟು!" ಎಂದು ಬಂದವರು ಟೈಪಿಸ್ಟ್ ಮೇಡಂ. "ಅಲ್ಯೂಮಿನಿಯಂಗೆ ಸೋಡಾ ಹಾಕ್ತಾರೇನ್ರೀ ಯಾರಾದ್ರೂ? ಅದಕ್ಕೆ ಬೇಕಾದ್ದು ಹುಳಿ. ನಿಂಬೆಹಣ್ಣು ತನ್ನಿ, ಹಿಂಡಿ, ಸಿಪ್ಪೆ ಸಮೇತ ಕುದಿಸಿ."

ಹನ್ನೆರಡು ನಿಂಬೆಹಣ್ಣು, ಎರಡು ತಂತಿ ನಾರು, ಮಾಮನ ಹತ್ತು ಬೆರಳಿನ ಚರ್ಮ. ಮೂರೂವರೆಗೆ ಪಾತ್ರೆ ಹೊಳೆಯಿತು. ಸುತ್ತ ನಿಂತ ಮೂವರೂ ಇದು ತನ್ನಿಂದಲೇ ಆಗಿದ್ದು ಎಂದು ಹೇಳಿಕೊಂಡರು. ಮಾಮನಿಗೆ ಅಳುವೇ ಬಂತು.

ನಿಜವಾದ ಅಳು ಮುಂದಿತ್ತು. ಟೀಗೆ ನೀರು ಹಾಕಲು ಹೋದವನ ಕೈ ಹಾಗೇ ನಿಂತಿತು. ಎಷ್ಟು ಹಾಕಬೇಕು? ಹನ್ನೊಂದು ವರ್ಷ ಅವನು ಅಳತೆ ಎಂದು ಮಾಡಿದವನಲ್ಲ. ಟೀ ಕಲೆಯ ಕೆಳಗಿನ ಕಂದು ಗೆರೆಯವರೆಗೆ ನೀರು, ಮೇಲಿನ ಗೆರೆಯವರೆಗೆ ಹಾಲು, ಮುಗಿಯಿತು. ಈಗ ಕೆಳಗಿನದೂ ಇಲ್ಲ, ಮೇಲಿನದೂ ಇಲ್ಲ.

ಹೊರಗೆ ಕಾರು ನಿಂತ ಸದ್ದಾಯಿತು. ಮಾಮ ದೇವರ ಮೇಲೆ ಭಾರ ಹಾಕಿ ನೀರು, ಹಾಲು ಸುರಿದ. ಟೀ ಬೆಳ್ಳಗಾಯಿತು. ಪುಡಿ ಹಾಕಿದ, ಕಹಿಯಾಯಿತು. ಸಕ್ಕರೆ ಹಾಕಿದ, ಪಾಯಸವಾಯಿತು. ಮತ್ತೆ ನೀರು, ಮತ್ತೆ ಪುಡಿ, ಮತ್ತೆ ಹಾಲು. ಹತ್ತು ಸಲ ರುಚಿ ನೋಡಿದ ನಾಲಿಗೆಗೆ ಕೊನೆಗೆ ಏನೂ ತಿಳಿಯಲಿಲ್ಲ. ಹಾಳಾಗಿಹೋಗಲಿ ಎಂದು ಲೋಟಕ್ಕೆ ಸೋಸಿ ಒಯ್ದಿಟ್ಟ.

ದೊಡ್ಡ ಸಾಹೇಬರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಇದನ್ನ ಯಾರ್ರೀ ಮಾಡಿದ್ದು?"

"ತಪ್ಪಾಯ್ತು ಸಾರ್, ನಾನೇ," ಎಂದ ಮಾಮ.

"ತಪ್ಪೇ? ಮೂವತ್ತು ವರ್ಷದಿಂದ ಊರೂರಿನ ಆಫೀಸಲ್ಲಿ ಟೀ ಕುಡಿದಿದೀನಿ. ಇಂಥಾ ಟೀ ಕುಡಿದಿಲ್ಲ ಕಣ್ರೀ!" ಸಾಹೇಬರು ಲೋಟ ಬರಿದು ಮಾಡಿದರು. "ನಾಳೆ ಹತ್ತಕ್ಕೆ ಹೆಡ್ ಆಫೀಸಲ್ಲಿ ಮೀಟಿಂಗು. ಅಲ್ಲಿಗೆ ಬಂದು ಇದೇ ಟೀ ಮಾಡಿ. ಇದೇ ರುಚಿ ಬಂದ್ರೆ ನಿಂತ ಜಾಗದಲ್ಲೇ ನಿಮ್ಮ ಕಾಯಂ ಆರ್ಡರಿಗೆ ಸಹಿ ಹಾಕ್ತೀನಿ."

"ಬರ್ಲಿಲ್ಲ ಅಂದ್ರೆ ಸಾರ್?"

"ಯಾರ ಕೈಲೋ ಮಾಡ್ಸಿ ನನ್ನ ಕಣ್ಣಿಗೆ ಮಣ್ಣೆರಚಿದ್ರಿ ಅಂತ ತಿಳ್ಕೋತೀನಿ. ಆಮೇಲೆ ಈ ಹಂಗಾಮಿ ಕೆಲಸಾನೂ ಇರಲ್ಲ."

ಮಾಮ ಬಿದ್ದಂಬೀಳ ಟೀ ಕೋಣೆಗೆ ಓಡಿದ. ಪಾತ್ರೆಯ ತಳದಲ್ಲಿ ಟೀ ಇನ್ನೂ ಉಳಿದಿರಬೇಕು, ಒಳಮೈಗೆ ಹೊಸ ಗೆರೆ ಹತ್ತಿರಬೇಕು, ಸೋಸಿದ ಚರಟವೂ ಇರಬೇಕು. ಅಳೆದು, ನೆಕ್ಕಿ, ರಾತ್ರಿಯೆಲ್ಲ ಕೂತು ಲೆಕ್ಕ ಹಾಕಿದರೆ ಏನಾದರೂ ದಾರಿ ಸಿಕ್ಕೀತು.

ಒಳಗೆ ಮೂವರೂ ತೋಳೇರಿಸಿಕೊಂಡು ಬೆವರೊರೆಸಿಕೊಳ್ಳುತ್ತಿದ್ದರು.

"ಕಾಯಂ ಆದ್ರಂತಲ್ಲ ಮಾಮ!" ಎಂದರು ಹೆಡ್ ಕ್ಲರ್ಕ್. "ಆ ಖುಷೀಲಿ ಪಾತ್ರೆ ನಾವೇ ತೊಳೆದಿಟ್ವಿ. ಚರಟಾನೂ ಮೋರಿಗೆ ಚೆಲ್ಲಾಯ್ತು. ಎಲ್ಲಾದ್ರೂ ಒಂದು ಗೆರೆ ಕಂಡ್ರೆ ಕೇಳಿ!"

ಮಾಮ ಪಾತ್ರೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅದನ್ನು ಎದೆಗವಚಿಕೊಂಡು ನೆಲದ ಮೇಲೆ ಕುಸಿದು ಕೂತ.

"ಯಾಕ್ರೀ ಮಾಮ ಹಿಂಗೆ ಅಳ್ತಿದಾರೆ?" ಎಂದರು ಟೈಪಿಸ್ಟ್ ಮೇಡಂ.

"ಸುಮ್ನಿರಿ ಮೇಡಂ," ಎಂದ ಡ್ರೈವರ್, "ಆನಂದಬಾಷ್ಪ."